ಸಣ್ಣ ದೂರದರ್ಶಕಗಳು ಸೇರಿ ದೊಡ್ಡದಾಗುವುದು ಹೇಗೆ, ಎಲ್ಲಿಯವರೆಗೆ?

ಹತ್ತು ಸೆಂಟಿಮೀಟರ್ ಅಗಲದ ಮಸೂರವಿರುವ ಒಂದು ಸಾವಿರ ದೂರದರ್ಶಕಗಳನ್ನು ಬಯಲಿನಲ್ಲಿ ನಿಲ್ಲಿಸಿ, ಎಲ್ಲವನ್ನೂ ಒಂದೇ ಗೆಲಾಕ್ಸಿಯತ್ತ ತಿರುಗಿಸಿ, ಅವು ತೆಗೆದ ಸಾವಿರ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಿದೆವು ಎಂದಿಟ್ಟುಕೊಳ್ಳೋಣ. ಹೀಗೆ ಒಟ್ಟುಗೂಡುವ ಬೆಳಕು ಮೂರು ಮೀಟರಿಗಿಂತ ತುಸು ಹೆಚ್ಚು ಅಗಲವಿರುವ ಒಂದೇ ಕನ್ನಡಿ ಹಿಡಿಯುವ ಬೆಳಕಿಗೆ ಸಮ. ಆದರೆ ಆ ಚಿತ್ರದಲ್ಲಿ ಗುರುತಿಸಬಹುದಾದ ಅತಿ ಸಣ್ಣ ವಿವರ ಹತ್ತು ಸೆಂಟಿಮೀಟರಿನ ಒಂದೇ ದೂರದರ್ಶಕಕ್ಕೆ ಎಷ್ಟು ಕಾಣುತ್ತಿತ್ತೋ ಅಷ್ಟೇ ಆಗಿರುತ್ತದೆ. ಇದಕ್ಕೆ ಬದಲಾಗಿ, ಅದೇ ಅಳತೆಯ ಎರಡೇ ಎರಡು ದೂರದರ್ಶಕಗಳನ್ನು ನೂರು ಮೀಟರ್ ಅಂತರದಲ್ಲಿಟ್ಟು, ಅವೆರಡರ ಬೆಳಕನ್ನು ಅಲೆಗೆ ಅಲೆ ಹೊಂದುವಂತೆ ಒಂದೆಡೆ ತಂದು ಸೇರಿಸಿದರೆ, ಒಂದು ದಿಕ್ಕಿನಲ್ಲಾದರೂ ನೂರು ಮೀಟರ್ ಅಗಲದ ಕನ್ನಡಿಗೆ ಮಾತ್ರ ಸಾಧ್ಯವಾಗುವಷ್ಟು ಸೂಕ್ಷ್ಮವಾದ ವಿವರವನ್ನು ಅಳೆಯಬಹುದು. ಬೆಳಕು ಮಾತ್ರ ಎರಡು ಪುಟ್ಟ ಮಸೂರಗಳು ಹಿಡಿದಷ್ಟೇ.

‘ಭೂಮಿಯಷ್ಟು ದೊಡ್ಡ ದೂರದರ್ಶಕ’ ಎಂಬಂಥ ತಲೆಬರಹಗಳಲ್ಲಿ ಕಳೆದುಹೋಗುವುದು ಈ ಎರಡು ಬಗೆಯ ಕೂಡಿಕೆಗಳ ನಡುವಿನ ವ್ಯತ್ಯಾಸ. ಬೆಳಕಿನ ಮೊತ್ತ ಬೇರೆ, ವಿವರದ ಸೂಕ್ಷ್ಮತೆ ಬೇರೆ. ಮೊದಲನೆಯದು ಕನ್ನಡಿಗಳ ಒಟ್ಟು ವಿಸ್ತೀರ್ಣದಿಂದ ಬರುತ್ತದೆ, ಎರಡನೆಯದು ಅವುಗಳ ನಡುವಿನ ಅಂತರದಿಂದ ಬರುತ್ತದೆ. ಸಾಮಾನ್ಯ ದೂರದರ್ಶಕದಲ್ಲಿ ಎರಡೂ ಒಂದೇ ಕನ್ನಡಿಯಿಂದ ಸಿಗುವುದರಿಂದ ನಾವು ಅವನ್ನು ಬೇರ್ಪಡಿಸಿ ನೋಡುವುದಿಲ್ಲ. ಸಣ್ಣವನ್ನು ಜೋಡಿಸುವ ತಂತ್ರಗಳು ನಿಂತಿರುವುದೇ ಇವೆರಡನ್ನು ಬೇರ್ಪಡಿಸುವುದರ ಮೇಲೆ, ಮತ್ತು ಅವು ಕೊಡುವುದೇನು, ಕೊಡಲಾರದ್ದೇನು ಎಂಬುದು ತೀರ್ಮಾನವಾಗುವುದೂ ಅಲ್ಲಿಯೇ.

ಬೆಳಕು ಅಲೆಯಾಗಿರುವುದರಿಂದ ಯಾವುದೇ ಕಿಂಡಿಯ ಮೂಲಕ ಹಾದುಬರುವಾಗ ಸ್ವಲ್ಪ ಹರಡಿಕೊಳ್ಳುತ್ತದೆ. ವಿವರ್ತನೆ ಎನ್ನುವ ಈ ಹರಡುವಿಕೆಯಿಂದಾಗಿ ಚುಕ್ಕೆಯಂತಿರಬೇಕಾದ ನಕ್ಷತ್ರವೂ ದೂರದರ್ಶಕದಲ್ಲಿ ಒಂದು ಪುಟ್ಟ ಬಿಲ್ಲೆಯಾಗಿ ಮೂಡುತ್ತದೆ. ತರಂಗದೂರ ಹೆಚ್ಚಿದಷ್ಟೂ ಬಿಲ್ಲೆ ದೊಡ್ಡದು, ಕನ್ನಡಿಯ ಅಗಲ ಹೆಚ್ಚಿದಷ್ಟೂ ಚಿಕ್ಕದು. ಒಂದು ಡಿಗ್ರಿಯನ್ನು 3,600 ಭಾಗ ಮಾಡಿದರೆ ಸಿಗುವ ಒಂದು ಕೋನ ಸೆಕೆಂಡಿನ ಲೆಕ್ಕದಲ್ಲಿ ಹೇಳುವುದಾದರೆ, ಬರಿಗಣ್ಣು ಸುಮಾರು 60 ಕೋನ ಸೆಕೆಂಡುಗಳಷ್ಟು ದೂರವಿರುವ ಎರಡು ಚುಕ್ಕೆಗಳನ್ನು ಬಿಡಿಸಿ ನೋಡಬಲ್ಲದು, ಹತ್ತು ಸೆಂಟಿಮೀಟರ್ ದೂರದರ್ಶಕ ಸುಮಾರು 1.4ರಷ್ಟನ್ನು, 2.4 ಮೀಟರ್ ಕನ್ನಡಿಯ ಹಬಲ್ ಸುಮಾರು 0.05ರಷ್ಟನ್ನು. ಆದರೆ ಆಕಾಶದಲ್ಲಿ ಉಜ್ವಲವಾಗಿ ಕಾಣುವ ನಕ್ಷತ್ರಗಳಲ್ಲಿ ಹೆಚ್ಚಿನವುಗಳ ನಿಜವಾದ ಬಿಲ್ಲೆ ಕೆಲವೇ ಸಾವಿರಾಂಶ ಕೋನ ಸೆಕೆಂಡುಗಳಷ್ಟಿರುತ್ತದೆ. ಅದರ ಮುಖವನ್ನು ನೋಡಬೇಕೆಂದರೆ ನೂರಾರು ಮೀಟರ್ ಅಗಲದ ಕನ್ನಡಿ ಬೇಕು, ಅಂಥದ್ದನ್ನು ಯಾರೂ ಕಟ್ಟಿಲ್ಲ.

ಕನ್ನಡಿಯನ್ನೇ ತುಂಡುಗಳಾಗಿ ಮಾಡಿ ಜೋಡಿಸುವ ದಾರಿಯೊಂದಿದೆ. ಹವಾಯಿಯ ಕೆಕ್ ದೂರದರ್ಶಕಗಳ ಹತ್ತು ಮೀಟರ್ ಕನ್ನಡಿಯಲ್ಲಿ 36 ತುಂಡುಗಳಿವೆ, ಜೇಮ್ಸ್ ವೆಬ್‌ನ 6.5 ಮೀಟರ್ ಕನ್ನಡಿಯಲ್ಲಿ 18, ಚಿಲಿಯ ಸೆರೋ ಅರ್ಮಾಸೋನೆಸ್ ಬೆಟ್ಟದ ಮೇಲೆ ಯುರೋಪಿನ ದೇಶಗಳು ಕಟ್ಟುತ್ತಿರುವ 39 ಮೀಟರ್ ದೂರದರ್ಶಕದಲ್ಲಿ 798. ಇವೂ ಸಣ್ಣ ಕನ್ನಡಿಗಳ ಕೂಟಗಳೇ, ಆದರೆ ತುಂಡುಗಳು ಒಂದಕ್ಕೊಂದು ಅಂಟಿಕೊಂಡಂತಿರುವುದರಿಂದ ಅಗಲ ಹೆಚ್ಚಿದಂತೆ ಗಾಜು, ಉಕ್ಕು, ಗುಮ್ಮಟ ಎಲ್ಲವೂ ಹೆಚ್ಚುತ್ತವೆ. ತುಂಡುಗಳನ್ನು ದೂರ ದೂರ ಸರಿಸಿ, ನಡುವಿನ ಜಾಗವನ್ನು ಖಾಲಿ ಬಿಟ್ಟರೆ ಏನಾಗುತ್ತದೆ ಎಂಬುದೇ ಮುಂದಿನ ಪ್ರಶ್ನೆ.

ಈ ಪ್ರಶ್ನೆಯನ್ನು 1868ರಲ್ಲೇ ಫ್ರಾನ್ಸಿನ ಭೌತವಿಜ್ಞಾನಿ ಇಪ್ಪೊಲಿಟ್ ಫಿಜೊ ಎತ್ತಿದ್ದರು. ಕೊಳಕ್ಕೆ ಎರಡು ಕಲ್ಲೆಸೆದಾಗ ಎದ್ದ ಅಲೆಗಳು ಕೆಲವೆಡೆ ಕೂಡಿ ಎತ್ತರವಾಗುವಂತೆ, ಕೆಲವೆಡೆ ಒಂದನ್ನೊಂದು ಅಳಿಸಿಹಾಕುವಂತೆ, ಎರಡು ಕಿಂಡಿಗಳಿಂದ ಬಂದ ನಕ್ಷತ್ರದ ಬೆಳಕು ಸೇರಿದಲ್ಲಿ ಬೆಳಕು ಕತ್ತಲಿನ ಪಟ್ಟೆಗಳು ಮೂಡುತ್ತವೆ. ನಕ್ಷತ್ರ ನಿಜಕ್ಕೂ ಚುಕ್ಕೆಯೇ ಆಗಿದ್ದರೆ ಕಿಂಡಿಗಳ ನಡುವಿನ ಅಂತರ ಎಷ್ಟೇ ಹೆಚ್ಚಿದರೂ ಪಟ್ಟೆಗಳು ಸ್ಪಷ್ಟವಾಗಿಯೇ ಉಳಿಯುತ್ತವೆ. ಅದಕ್ಕೆ ಸ್ವಲ್ಪವಾದರೂ ಅಗಲವಿದ್ದರೆ ಅದರ ಒಂದು ಅಂಚಿನ ಬೆಳಕು ಮೂಡಿಸುವ ಪಟ್ಟೆಗಳು ಇನ್ನೊಂದು ಅಂಚಿನ ಬೆಳಕಿನ ಪಟ್ಟೆಗಳ ನಡುವೆ ಬಿದ್ದು, ಯಾವುದೋ ಒಂದು ಅಂತರದಲ್ಲಿ ಪಟ್ಟೆಗಳೇ ಮಾಯವಾಗುತ್ತವೆ. ಆ ಅಂತರವನ್ನು ಅಳೆದರೆ ನಕ್ಷತ್ರದ ಕೋನ ಅಗಲ ಸಿಗುತ್ತದೆ. ಫಿಜೊ ಅವರ ಸಲಹೆಯಂತೆ ಎದುವಾರ್ ಸ್ತೆಫಾನ್ ಮಾರ್ಸೇಯ 80 ಸೆಂಟಿಮೀಟರ್ ದೂರದರ್ಶಕದ ಬಾಯಿಗೆ ಎರಡು ಕಿಂಡಿಗಳ ಮುಚ್ಚಳ ಹಾಕಿ ನೋಡಿದರು. ಯಾವ ನಕ್ಷತ್ರದಲ್ಲೂ ಪಟ್ಟೆಗಳು ಮಾಯವಾಗಲಿಲ್ಲ. ನಕ್ಷತ್ರಗಳೆಲ್ಲ 0.158 ಕೋನ ಸೆಕೆಂಡಿಗಿಂತ ಚಿಕ್ಕವು ಎಂಬ ಮಿತಿಯೊಂದೇ ಅವರಿಗೆ ದಕ್ಕಿತು, ಆದರೆ ವಿಧಾನ ಸರಿಯಾಗಿತ್ತು.

ಅದು ಫಲ ಕೊಟ್ಟಿದ್ದು 1920ರ ಡಿಸೆಂಬರಿನಲ್ಲಿ, ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್‌ನಲ್ಲಿ. ಆಲ್ಬರ್ಟ್ ಮೈಕೆಲ್ಸನ್ ಅವರ ಯೋಜನೆಯಂತೆ ಅಲ್ಲಿನ 2.5 ಮೀಟರ್ ದೂರದರ್ಶಕದ ತುದಿಗೆ ಆರು ಮೀಟರ್ ಉದ್ದದ ಉಕ್ಕಿನ ತೊಲೆಯೊಂದನ್ನು ಅಡ್ಡಲಾಗಿ ಕೂರಿಸಲಾಗಿತ್ತು. ತೊಲೆಯ ಮೇಲೆ ನಾಲ್ಕು ಚಪ್ಪಟೆ ಕನ್ನಡಿಗಳು. ಹೊರಗಿನ ಎರಡನ್ನು ಸರಿಸಿ ಅಂತರವನ್ನು ಹೆಚ್ಚು ಕಡಿಮೆ ಮಾಡಬಹುದಿತ್ತು, ಒಳಗಿನ ಎರಡು ಅವುಗಳ ಬೆಳಕನ್ನು ದೂರದರ್ಶಕದೊಳಕ್ಕೆ ಕಳಿಸುತ್ತಿದ್ದವು. ಹೊರಗಿನ ಕನ್ನಡಿಗಳ ಅಗಲ ಕೇವಲ 15 ಸೆಂಟಿಮೀಟರ್! ಆಗ ಜಗತ್ತಿನಲ್ಲೇ ಅತಿ ದೊಡ್ಡದಾಗಿದ್ದ ದೂರದರ್ಶಕ ಇಲ್ಲಿ ಮುಖ್ಯವಾಗಿ ಬೆಳಕನ್ನು ಒಂದೆಡೆ ಸೇರಿಸುವ ಗಟ್ಟಿಯಾದ ಆಧಾರವಾಗಿ ಕೆಲಸ ಮಾಡಿತು. ಫ್ರಾನ್ಸಿಸ್ ಪೀಸ್ ಆರ್ದ್ರಾ ನಕ್ಷತ್ರವನ್ನು ನೋಡುತ್ತಾ ಕನ್ನಡಿಗಳನ್ನು ದೂರ ಸರಿಸಿದಾಗ, ಅಂತರ ಸುಮಾರು ಮೂರು ಮೀಟರ್ ತಲುಪಿದಲ್ಲಿ ಪಟ್ಟೆಗಳು ಮಾಯವಾದವು. ಉಪಕರಣ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳಲು ಬೇರೆ ನಕ್ಷತ್ರಗಳತ್ತ ತಿರುಗಿಸಿ ನೋಡಿದರೆ ಅಲ್ಲಿ ಪಟ್ಟೆಗಳು ಹಾಗೆಯೇ ಇದ್ದವು. ಆರ್ದ್ರಾದ ಅಗಲ 0.047 ಕೋನ ಸೆಕೆಂಡು ಎಂದು ಲೆಕ್ಕ ಸಿಕ್ಕಿತು. ಆಗ ಗೊತ್ತಿದ್ದ ದೂರವನ್ನೇ ಬಳಸಿದರೂ ಆ ನಕ್ಷತ್ರ ಸೂರ್ಯನ ಸುತ್ತ ಭೂಮಿ ತಿರುಗುವ ಇಡೀ ಕಕ್ಷೆಗಿಂತ ದೊಡ್ಡದಾಗಿತ್ತು. ಸೂರ್ಯನಲ್ಲದೆ ಬೇರೊಂದು ನಕ್ಷತ್ರದ ಅಗಲವನ್ನು ಮನುಷ್ಯರು ನೇರವಾಗಿ ಅಳೆದದ್ದು ಅದೇ ಮೊದಲು.

ಅಗಲ ಅಳೆಯುವುದು ಒಂದು, ಚಿತ್ರ ಬಿಡಿಸುವುದು ಇನ್ನೊಂದು. ಒಂದು ಜೋಡಿ ದೂರದರ್ಶಕಗಳಿಂದ ಸಿಗುವುದು ಚಿತ್ರವಲ್ಲ; ನಿರ್ದಿಷ್ಟ ದಿಕ್ಕಿನ, ನಿರ್ದಿಷ್ಟ ಅಂತರದ ಪಟ್ಟೆಗಳ ಪ್ರಮಾಣ ಆ ಚಿತ್ರದಲ್ಲಿ ಎಷ್ಟಿದೆ ಮತ್ತು ಆ ಪಟ್ಟೆಗಳು ಎತ್ತ ಸರಿದಿವೆ ಎಂಬ ಎರಡು ಸಂಖ್ಯೆಗಳು ಮಾತ್ರ. ಯಾವ ಚಿತ್ರವನ್ನಾದರೂ ಇಂಥ ಪಟ್ಟೆಗಳ ಮೊತ್ತವಾಗಿ ಬರೆಯಬಹುದೆಂಬುದು ಫೂರಿಯೆ ಅವರ ಗಣಿತದಿಂದ ಗೊತ್ತಿರುವ ಸಂಗತಿ. ಹಾಗಾಗಿ ಬೇರೆ ಬೇರೆ ಅಂತರಗಳಲ್ಲಿ, ಬೇರೆ ಬೇರೆ ದಿಕ್ಕುಗಳಲ್ಲಿ ಸಾಕಷ್ಟು ಜೋಡಿಗಳಿದ್ದರೆ ಚಿತ್ರವನ್ನು ಮರಳಿ ಕಟ್ಟಬಹುದು. ಇದನ್ನು ಮೊದಲು ಸಾಧಿಸಿದ್ದು ರೇಡಿಯೊ ಖಗೋಳವಿಜ್ಞಾನಿಗಳು, ಮತ್ತು ಅವರು ಆ ದಾರಿ ಹಿಡಿದದ್ದು ಅನಿವಾರ್ಯದಿಂದ: ರೇಡಿಯೊ ಅಲೆಗಳ ತರಂಗದೂರ ಬೆಳಕಿನದಕ್ಕಿಂತ ಲಕ್ಷಾಂತರ ಪಟ್ಟು ಹೆಚ್ಚಾದ್ದರಿಂದ ದೊಡ್ಡ ಡಿಶ್ ಕೂಡ ಆಕಾಶವನ್ನು ಬರಿಗಣ್ಣಿಗಿಂತ ಮಸುಕಾಗಿ ನೋಡುತ್ತದೆ.

ಆಸ್ಟ್ರೇಲಿಯಾದ ಸಿಡ್ನಿಯ ಡೋವರ್ ಹೈಟ್ಸ್ ಎಂಬ ಕಡಲಂಚಿನ ಬಂಡೆಯ ಮೇಲೆ 1946ರಲ್ಲಿ ರೂಬಿ ಪೇನ್-ಸ್ಕಾಟ್ ಮತ್ತು ಸಂಗಡಿಗರು ಒಂದೇ ಆಂಟೆನಾದಿಂದ ಈ ಕೆಲಸ ಮಾಡಿದರು. ಉದಯಿಸುತ್ತಿದ್ದ ಸೂರ್ಯನಿಂದ ನೇರವಾಗಿ ಬಂದ ಅಲೆಯೂ ಸಮುದ್ರದ ನೀರಿನಿಂದ ಪ್ರತಿಫಲಿಸಿ ಬಂದ ಅಲೆಯೂ ಆ ಆಂಟೆನಾದಲ್ಲಿ ಸೇರಿ, ಸಮುದ್ರವೇ ಎರಡನೆಯ ಆಂಟೆನಾದ ಪಾತ್ರ ವಹಿಸಿತು. ತೀವ್ರ ರೇಡಿಯೊ ಅಲೆಗಳು ಸೂರ್ಯನ ಕಲೆಗಳಿರುವ ಭಾಗದಿಂದ ಬರುತ್ತಿವೆಯೆಂದು ಅವರು ತೋರಿಸಿದರು. ಕೇಂಬ್ರಿಜ್‌ನಲ್ಲಿ ಮಾರ್ಟಿನ್ ರೈಲ್ ಮುಂದಿಟ್ಟ ಹೆಜ್ಜೆ ಇನ್ನೂ ದೊಡ್ಡದು. ಭೂಮಿ ತಿರುಗುವುದರಿಂದ ನೆಲದ ಮೇಲೆ ಸ್ಥಿರವಾಗಿ ನಿಂತ ಎರಡು ಆಂಟೆನಾಗಳ ಜೋಡಿಯೂ ನಕ್ಷತ್ರದ ಕಡೆಯಿಂದ ನೋಡಿದಾಗ ಹನ್ನೆರಡು ಗಂಟೆಗಳಲ್ಲಿ ದಿಕ್ಕು ಬದಲಿಸುತ್ತಾ ಹೋಗುತ್ತದೆ; ಅಂದರೆ ಕೆಲವೇ ಆಂಟೆನಾಗಳಿಂದ, ತಾಳ್ಮೆಯಿಂದ ಕಾದರೆ, ನೂರಾರು ದಿಕ್ಕುಗಳ ಅಳತೆ ಸಿಗುತ್ತದೆ. ಈ ವಿಧಾನಕ್ಕಾಗಿ ರೈಲ್ ಅವರಿಗೆ 1974ರ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಂದಿತು. ನ್ಯೂ ಮೆಕ್ಸಿಕೊದ ವಿಎಲ್‌ಎ ಎಂಬ ರೇಡಿಯೊ ವ್ಯೂಹ 25 ಮೀಟರ್ ಅಗಲದ 27 ಡಿಶ್‌ಗಳಿಂದ ಒಮ್ಮೆಗೆ 351 ಜೋಡಿಗಳನ್ನು ಪಡೆಯುತ್ತದೆ. ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಪುಣೆಯ ಉತ್ತರಕ್ಕೆ ಖೋಡದ್ ಬಳಿ ನಿರ್ಮಾಣವಾದ ಜಿಎಂಆರ್‌ಟಿಯಲ್ಲಿ 45 ಮೀಟರಿನ 30 ಡಿಶ್‌ಗಳು ಸುಮಾರು 25 ಕಿಲೋಮೀಟರ್ ಹರಹಿನಲ್ಲಿ ಹಬ್ಬಿಕೊಂಡು 435 ಜೋಡಿಗಳಾಗುತ್ತವೆ. ಆಸ್ಟ್ರೇಲಿಯಾ ಮತ್ತು ದಕ್ಷಿಣ ಆಫ್ರಿಕಾಗಳಲ್ಲಿ ಕಟ್ಟಲಾಗುತ್ತಿರುವ ಎಸ್‌ಕೆಎ ಎಂಬ ರೇಡಿಯೊ ವ್ಯೂಹ ಈ ತರ್ಕವನ್ನು ತುದಿಗೆ ಒಯ್ಯುತ್ತದೆ: ಆಸ್ಟ್ರೇಲಿಯಾದ ಭಾಗದಲ್ಲಿ ಆಳೆತ್ತರದ 1,31,072 ಆಂಟೆನಾಗಳು ಇರಬೇಕು, ಅವುಗಳಲ್ಲಿ ಮೊದಲ 1,024ರಿಂದ ಪಡೆದ ಚಿತ್ರ 2025ರ ಮಾರ್ಚಿನಲ್ಲಿ ಪ್ರಕಟವಾಯಿತು.

ಇವೆಲ್ಲದರ ನಡುವೆ ಜನಮನದಲ್ಲಿ ಉಳಿದದ್ದು 2019ರ ಏಪ್ರಿಲ್ 10ರಂದು ಬಿಡುಗಡೆಯಾದ ಕಪ್ಪು ಕುಳಿಯ ಚಿತ್ರ. ಕನ್ಯಾ ರಾಶಿಯ ದಿಕ್ಕಿನಲ್ಲಿ 5.5 ಕೋಟಿ ಜ್ಯೋತಿರ್ವರ್ಷ ದೂರವಿರುವ ಎಂ87 ಗೆಲಾಕ್ಸಿಯ ನಡುವೆ, ಸೂರ್ಯನ ಸುಮಾರು 650 ಕೋಟಿ ಪಟ್ಟು ರಾಶಿಯ ಕಪ್ಪು ಕುಳಿಯ ಸುತ್ತ ಹೊಳೆಯುವ ಆ ಉಂಗುರದ ಅಗಲ 42 ಮೈಕ್ರೊ ಕೋನ ಸೆಕೆಂಡು, ಅಂದರೆ ಮೈಕೆಲ್ಸನ್ ಅಳೆದ ಆರ್ದ್ರಾದ ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. 1.3 ಮಿಲಿಮೀಟರ್ ತರಂಗದೂರವನ್ನು ಭೂಮಿಯ ವ್ಯಾಸದಿಂದ ಭಾಗಿಸಿದರೆ ಸುಮಾರು 20 ಮೈಕ್ರೊ ಕೋನ ಸೆಕೆಂಡು ಬರುತ್ತದೆ. ಉಂಗುರವನ್ನು ಬಿಡಿಸಿ ನೋಡಲು ಅಷ್ಟು ಸಾಲುತ್ತದೆ, ಕಷ್ಟಪಟ್ಟು. 2017ರ ಏಪ್ರಿಲ್‌ನಲ್ಲಿ ಆರು ಸ್ಥಳಗಳ ಎಂಟು ರೇಡಿಯೊ ದೂರದರ್ಶಕಗಳು ಏಕಕಾಲಕ್ಕೆ ಆಕಾಶ ನೋಡಿದವು. ಅವುಗಳ ನಡುವೆ ಯಾವ ತಂತಿಯೂ ಇರಲಿಲ್ಲ. ಪ್ರತಿಯೊಂದೂ ತನಗೆ ತಲುಪಿದ ಅಲೆಯ ಏರಿಳಿತವನ್ನು, ಒಂದು ಕೋಟಿ ವರ್ಷಕ್ಕೆ ಒಂದು ಸೆಕೆಂಡು ತಪ್ಪುವಷ್ಟು ನಿಖರವಾದ ಹೈಡ್ರೊಜನ್ ಮೇಸರ್ ಗಡಿಯಾರದ ಮುದ್ರೆಯೊಂದಿಗೆ, ದಿನಕ್ಕೆ ಸುಮಾರು 350 ಟೆರಾಬೈಟ್‌ನಂತೆ ಹಾರ್ಡ್ ಡಿಸ್ಕ್‌ಗಳಿಗೆ ತುಂಬಿತು. ಇಂಟರ್‌ನೆಟ್ಟಿನಲ್ಲಿ ಕಳಿಸಲಾಗದಷ್ಟಿದ್ದ ಆ ದತ್ತಾಂಶವನ್ನು ಡಿಸ್ಕ್‌ಗಳ ರೂಪದಲ್ಲೇ ವಿಮಾನದಲ್ಲಿ ಅಮೆರಿಕದ ಹೇಸ್ಟ್ಯಾಕ್ ವೀಕ್ಷಣಾಲಯಕ್ಕೂ ಜರ್ಮನಿಯ ಬಾನ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗೂ ಸಾಗಿಸಿ, ಅಲ್ಲಿ ಜೋಡಿ ಜೋಡಿಯಾಗಿ ತಾಳೆ ಹಾಕಲಾಯಿತು. ದಕ್ಷಿಣ ಧ್ರುವದ ಡಿಸ್ಕ್‌ಗಳಿಗಾಗಿ ಅಲ್ಲಿನ ಚಳಿಗಾಲ ಮುಗಿದು ವಿಮಾನ ಸಂಚಾರ ಆರಂಭವಾಗುವವರೆಗೆ ಕಾಯಬೇಕಾಯಿತು.

ಇದು ಫೋಟೊವೇ ಎಂಬ ಪ್ರಶ್ನೆಯನ್ನು ಹಲವರು ಕೇಳುತ್ತಾರೆ, ಕೇಳಲೇಬೇಕು. ಭೂಮಿಯಷ್ಟಗಲದ ಕಾಲ್ಪನಿಕ ಕನ್ನಡಿಯ ಬಹುಪಾಲು ಖಾಲಿಯೇ ಇದ್ದು ಅಲ್ಲಲ್ಲಿ ಕೆಲವು ಚುಕ್ಕೆಗಳಷ್ಟೇ ಇದ್ದಾಗ, ಅಳೆದ ಸಂಖ್ಯೆಗಳಿಗೆ ಹೊಂದುವ ಚಿತ್ರಗಳು ಗಣಿತದ ದೃಷ್ಟಿಯಿಂದ ಅಸಂಖ್ಯ. ಅವುಗಳಲ್ಲಿ ಒಂದನ್ನು ಆರಿಸಲು ಚಿತ್ರ ಎಂಥದ್ದಿರಬಹುದೆಂಬ ಕೆಲವು ಊಹೆಗಳನ್ನು, ಉದಾಹರಣೆಗೆ ಎಲ್ಲಿಯೂ ಪ್ರಕಾಶ ಸೊನ್ನೆಗಿಂತ ಕಡಿಮೆ ಇರಲಾರದು ಎಂಬುದನ್ನು, ವಿಧಾನಕ್ಕೆ ಸೇರಿಸಬೇಕಾಗುತ್ತದೆ. ಸಂಶೋಧಕರು ನಾಲ್ಕು ತಂಡಗಳಾಗಿ, ಒಂದು ತಂಡ ಇನ್ನೊಂದರ ಫಲಿತಾಂಶ ನೋಡದಂತೆ, ಬೇರೆ ಬೇರೆ ವಿಧಾನಗಳಿಂದ ಚಿತ್ರ ಕಟ್ಟಿದ್ದು ಈ ಕಾರಣಕ್ಕೇ. ನಾಲ್ಕರಲ್ಲೂ ಉಂಗುರ ಬಂತು. ಆಮೇಲೆ ಜಪಾನಿನ ಕೆಲವು ಖಗೋಳವಿಜ್ಞಾನಿಗಳು ಅದೇ ದತ್ತಾಂಶವನ್ನು ಮರುವಿಶ್ಲೇಷಿಸಿ ಉಂಗುರವಿಲ್ಲದ ಚಿತ್ರ ಪಡೆದು ಆಕ್ಷೇಪ ಎತ್ತಿದರು. ಮೂಲ ತಂಡ ಅದನ್ನು ಒಪ್ಪಲಿಲ್ಲ. ಗ್ರೀನ್‌ಲ್ಯಾಂಡಿನ ದೂರದರ್ಶಕವೂ ಸೇರಿಕೊಂಡ 2018ರ ವೀಕ್ಷಣೆಯ ಫಲಿತಾಂಶ 2024ರ ಜನವರಿಯಲ್ಲಿ ಬಂದಾಗ ಉಂಗುರದ ಗಾತ್ರ ಹಾಗೆಯೇ ಇತ್ತು, ಅದರ ಅತಿ ಪ್ರಕಾಶದ ಭಾಗ ಮಾತ್ರ ಸುಮಾರು 30 ಡಿಗ್ರಿ ಸರಿದಿತ್ತು. ನನಗೆ ಮೊದಲ ಚಿತ್ರಕ್ಕಿಂತ ಈ ಎರಡನೆಯ ಚಿತ್ರವೇ ಹೆಚ್ಚು ಮಹತ್ವದ್ದಾಗಿ ಕಾಣುತ್ತದೆ, ಏಕೆಂದರೆ ಬೇರೆ ವರ್ಷದ, ಬೇರೆ ಜೋಡಿಗಳ ಅಳತೆಯಲ್ಲೂ ಉಳಿದುಬಂದದ್ದನ್ನು ವಿಧಾನದ ಕೃತಕ ಫಲವೆಂದು ತಳ್ಳಿಹಾಕುವುದು ಬಹಳ ಕಷ್ಟ.

ರೇಡಿಯೊದಲ್ಲಿ ಖಂಡಾಂತರಗಳನ್ನು ಜೋಡಿಸಬಹುದಾದರೆ, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಮನೆಯಂಗಳದ ದೂರದರ್ಶಕಗಳನ್ನು ಏಕೆ ಹಾಗೆ ಜೋಡಿಸಲಾಗುವುದಿಲ್ಲ? ಬೆಳಕಿನ ಅಲೆ ಸೆಕೆಂಡಿಗೆ ಸುಮಾರು ಐದು ನೂರು ಲಕ್ಷ ಕೋಟಿ ಬಾರಿ ಏರಿಳಿಯುತ್ತದೆ, ಅದನ್ನು ನೇರವಾಗಿ ದಾಖಲಿಸುವ ಯಾವ ವಿದ್ಯುನ್ಮಾನ ಸಾಧನವೂ ಇಲ್ಲ. ಕ್ಯಾಮೆರಾ ದಾಖಲಿಸುವುದು ಬೆಳಕಿನ ತೀವ್ರತೆಯನ್ನು. ಅಲೆ ಯಾವ ಹಂತದಲ್ಲಿತ್ತು ಎಂಬ ಮಾಹಿತಿ ಆ ಕ್ಷಣವೇ ನಷ್ಟವಾಗುತ್ತದೆ. ರೇಡಿಯೊ ಅಲೆಯನ್ನು ವರ್ಧಿಸಿ, ನಕಲು ಮಾಡಿ, ಪ್ರತಿ ಜೋಡಿಗೂ ಒಂದೊಂದು ನಕಲನ್ನು ಕೊಡಬಹುದು. ಬೆಳಕನ್ನು ಹಾಗೆ ವರ್ಧಿಸಲು ಹೋದರೆ ಕ್ವಾಂಟಂ ನಿಯಮಗಳು ತರುವ ಗದ್ದಲವೇ ಸಂಕೇತವನ್ನು ನುಂಗುತ್ತದೆ, ಆದ್ದರಿಂದ ಇರುವ ಅಲ್ಪ ಬೆಳಕನ್ನೇ ಜೋಡಿಗಳ ನಡುವೆ ಹಂಚಿಕೊಳ್ಳಬೇಕು. ಹೀಗಾಗಿ ಬೆಳಕನ್ನು ದಾಖಲಿಸುವ ಮುನ್ನವೇ, ಬೆಳಕಾಗಿದ್ದಾಗಲೇ, ಒಂದೆಡೆ ತಂದು ಸೇರಿಸಬೇಕು, ಮತ್ತು ನಕ್ಷತ್ರದಿಂದ ಆ ಜಾಗಕ್ಕೆ ಎರಡೂ ದಾರಿಗಳು ಮೈಕ್ರೊಮೀಟರಿನ ಅಲ್ಪ ಭಾಗದಷ್ಟೂ ವ್ಯತ್ಯಾಸವಾಗದಂತೆ ಸಮನಾಗಿರಬೇಕು.

ಚಿಲಿಯ ಪರನಾಲ್ ಬೆಟ್ಟದ ಮೇಲಿನ ದೂರದರ್ಶಕಗಳ ಬೆಳಕು ಬಂದು ಸೇರುವ ನೆಲದಡಿಯ ಸುರಂಗದಲ್ಲಿ ಇದು ನಡೆಯುವ ಬಗೆಯನ್ನು ಹತ್ತಿರದಿಂದ ಗಮನಿಸಬೇಕು. ನಕ್ಷತ್ರ ನೆತ್ತಿಯ ಮೇಲಿಲ್ಲದಿದ್ದರೆ ಅದರ ಬೆಳಕು ಒಂದು ದೂರದರ್ಶಕಕ್ಕೆ ಮೊದಲು, ಇನ್ನೊಂದಕ್ಕೆ ಆಮೇಲೆ ತಲುಪುತ್ತದೆ. ಮೊದಲು ತಲುಪಿದ ಬೆಳಕನ್ನು ಅಷ್ಟು ಹೊತ್ತು ತಡೆದು ನಿಲ್ಲಿಸಬೇಕು. ಅದಕ್ಕಾಗಿ ಹಳಿಯ ಮೇಲೆ ಓಡುವ ಗಾಡಿಯೊಂದರಲ್ಲಿ ಕನ್ನಡಿಗಳನ್ನಿಟ್ಟು, ಬೆಳಕು ಅಲ್ಲಿಯವರೆಗೆ ಹೋಗಿ ಮರಳಿ ಬರುವಂತೆ ಮಾಡಿ, ಅದರ ದಾರಿಯನ್ನು ಉದ್ದಮಾಡುತ್ತಾರೆ. ಭೂಮಿ ತಿರುಗುತ್ತಲೇ ಇರುವುದರಿಂದ ಈ ವ್ಯತ್ಯಾಸವೂ ಬದಲಾಗುತ್ತಲೇ ಇರುತ್ತದೆ: 130 ಮೀಟರ್ ಅಂತರದ ಜೋಡಿಯಲ್ಲಿ ಅದು ಸೆಕೆಂಡಿಗೆ ಹೆಚ್ಚೆಂದರೆ ಒಂದು ಸೆಂಟಿಮೀಟರಿನ ಹತ್ತಿರ. ಗಾಡಿಗಳು ರಾತ್ರಿಯಿಡೀ ಆ ವೇಗಕ್ಕೆ ತಕ್ಕಂತೆ ಸರಿಯುತ್ತಾ, ಲೇಸರ್ ಅಳತೆಯ ಕಾವಲಿನಲ್ಲಿ, ಒಂದು ತರಂಗದೂರದ ಸಣ್ಣ ಭಾಗದಷ್ಟೂ ದಾರಿ ತಪ್ಪದೆ ನಡೆಯಬೇಕು. ದೂರದರ್ಶಕದಿಂದ ಕೊನೆಯ ಕ್ಯಾಮೆರಾದವರೆಗೆ ಬೆಳಕು ಅನೇಕ ಕನ್ನಡಿಗಳ ಮೇಲೆ ಬಿದ್ದು ಹಾಯುವಾಗ ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತದೆ.

ಇದೆಲ್ಲದರ ಮೇಲೆ ವಾತಾವರಣದ ಕಾಟ. ದೃಗ್ಗೋಚರ ಬೆಳಕಿನಲ್ಲಿ ಗಾಳಿಯ ಪದರಗಳು ಅಲೆಯನ್ನು ಸುಮಾರು ಹತ್ತು ಸೆಂಟಿಮೀಟರ್ ಅಗಲದ ತುಣುಕುಗಳಾಗಿ ಕಲಕಿಬಿಡುತ್ತವೆ, ಆ ಕಲಕುವಿಕೆ ಕೆಲವೇ ಮಿಲಿಸೆಕೆಂಡುಗಳಲ್ಲಿ ಬದಲಾಗುತ್ತದೆ. ಸಣ್ಣ ಕನ್ನಡಿಗೆ ಇಲ್ಲೊಂದು ಅನುಕೂಲವಿದೆ: ಅದು ಒಂದೇ ತುಣುಕಿನ ಅಚ್ಚುಕಟ್ಟಾದ ಅಲೆಯನ್ನು ಹಿಡಿಯುತ್ತದೆ, ದೊಡ್ಡದಕ್ಕೆ ಮಾತ್ರ ಕನ್ನಡಿಯ ಆಕಾರವನ್ನೇ ಕ್ಷಣ ಕ್ಷಣಕ್ಕೂ ತಿದ್ದುವ ವ್ಯವಸ್ಥೆ ಬೇಕಾಗುತ್ತದೆ. ಆದರೆ ಮಿಲಿಸೆಕೆಂಡುಗಳಲ್ಲೇ ಪಟ್ಟೆಗಳನ್ನು ಹಿಡಿಯಬೇಕಾದ ಒತ್ತಡದಿಂದಾಗಿ ಮಂಕು ಕಾಯಗಳು ಸಣ್ಣ ಕನ್ನಡಿಗಳ ಕೈಗೆ ಸಿಗುವುದೇ ಇಲ್ಲ. ಗಾಳಿ ತರುವ ತಪ್ಪನ್ನು ಕಳೆಯಲು ಇರುವ ಅತಿ ಸುಂದರ ಉಪಾಯ ರೋಜರ್ ಜೆನಿಸನ್ 1950ರ ದಶಕದಲ್ಲಿ ಜೋಡ್ರೆಲ್ ಬ್ಯಾಂಕಿನಲ್ಲಿ ರೇಡಿಯೊಗಾಗಿ ಕಂಡುಕೊಂಡದ್ದು. ಮೂರು ದೂರದರ್ಶಕಗಳನ್ನು ತ್ರಿಕೋನವಾಗಿ ತೆಗೆದುಕೊಂಡು ಮೂರೂ ಜೋಡಿಗಳ ಪಟ್ಟೆಗಳ ಸರಿತವನ್ನು ಸುತ್ತಲೂ ಕೂಡಿಸಿದರೆ, ಯಾವುದೇ ಒಂದು ದೂರದರ್ಶಕದ ಮೇಲಿನ ಗಾಳಿ ತಂದ ತಪ್ಪು ಒಂದು ಜೋಡಿಯಲ್ಲಿ ಕೂಡಿ, ಇನ್ನೊಂದರಲ್ಲಿ ಕಳೆದು, ಮೊತ್ತದಲ್ಲಿ ಸೊನ್ನೆಯಾಗುತ್ತದೆ. ಉಳಿಯುವುದು ಆಕಾಶದ ವಸ್ತುವಿನ ಬಗೆಗಿನ ಮಾಹಿತಿ ಮಾತ್ರ. ಎರಡು ದೂರದರ್ಶಕಗಳಿಂದ ಅಗಲ ಸಿಗುತ್ತದೆ, ಮೂರನೆಯದು ಬಂದಾಗ ಚಿತ್ರದ ಬಾಗಿಲು ತೆರೆಯುತ್ತದೆ ಎಂದು ಹೇಳುವುದು ಈ ಅರ್ಥದಲ್ಲಿ.

ಆಂತ್ವಾನ್ ಲಾಬೆರಿ 1974ರಲ್ಲಿ ನೀಸ್‌ನಲ್ಲಿ ಎರಡು ಪ್ರತ್ಯೇಕ ಸಣ್ಣ ದೂರದರ್ಶಕಗಳಿಂದ ಅಭಿಜಿತ್ ನಕ್ಷತ್ರದ ಪಟ್ಟೆಗಳನ್ನು ಪಡೆದರು. ಪ್ರತ್ಯೇಕ ದೂರದರ್ಶಕಗಳಿಂದ ದೃಗ್ಗೋಚರಕ್ಕೆ ತೀರ ಹತ್ತಿರದ ಬೆಳಕಿನಲ್ಲಿ ಮೊದಲ ಚಿತ್ರ, ಬ್ರಹ್ಮಹೃದಯದ ಜೋಡಿ ನಕ್ಷತ್ರಗಳದ್ದು, ಕೇಂಬ್ರಿಜ್‌ನ ಕೋಸ್ಟ್ ಎಂಬ ಉಪಕರಣದಿಂದ 1990ರ ದಶಕದ ನಡುಭಾಗದಲ್ಲಿ ಬಂತು. ಮೈಕೆಲ್ಸನ್ ಅವರ ತೊಲೆಯಿದ್ದ ಮೌಂಟ್ ವಿಲ್ಸನ್‌ನಲ್ಲೇ ಇಂದು ಚಾರಾ ಎಂಬ ವ್ಯೂಹವಿದೆ: ಒಂದೊಂದು ಮೀಟರ್ ಅಗಲದ ಆರು ದೂರದರ್ಶಕಗಳು, ಅತಿ ಹೆಚ್ಚಿನ ಅಂತರ ಸುಮಾರು 330 ಮೀಟರ್. 2007ರಲ್ಲಿ ಅದರ ಮೂಲಕ ಶ್ರವಣ ನಕ್ಷತ್ರದ ಮೇಲ್ಮೈಯ ಚಿತ್ರ ಸಿಕ್ಕಿತು. ವೇಗವಾಗಿ ತಿರುಗುವ ಆ ನಕ್ಷತ್ರ ನಡುವಿನಲ್ಲಿ ಉಬ್ಬಿಕೊಂಡಿದೆ, ಧ್ರುವಗಳಲ್ಲಿ ಬಿಸಿಯಾಗಿದೆ, ಸಮಭಾಜಕದ ಬಳಿ ತಣ್ಣಗಾಗಿದೆ ಎಂಬುದನ್ನು ಅದರಲ್ಲಿ ನೋಡಬಹುದಿತ್ತು. ಪರನಾಲ್‌ನಲ್ಲಿ 8.2 ಮೀಟರಿನ ನಾಲ್ಕು ದೂರದರ್ಶಕಗಳ ಬೆಳಕನ್ನು ಕೂಡಿಸುವ ಗ್ರಾವಿಟಿ ಉಪಕರಣ, ಕ್ಷೀರಪಥದ ನಡುವಿನ ಕಪ್ಪು ಕುಳಿಯ ತೀರ ಹತ್ತಿರ 2018ರ ಮೇ ತಿಂಗಳಲ್ಲಿ ಹಾದುಹೋದ ಎಸ್2 ನಕ್ಷತ್ರವನ್ನು ಹಿಂಬಾಲಿಸಿತು. ಆ ಕುಳಿಯ ಬಗೆಗಿನ ದಶಕಗಳ ಕೆಲಸಕ್ಕಾಗಿ ರೈನ್‌ಹಾರ್ಡ್ ಗೆಂಜೆಲ್ ಮತ್ತು ಆಂಡ್ರಿಯಾ ಗೆಜ್ 2020ರ ನೊಬೆಲ್ ಪ್ರಶಸ್ತಿ ಹಂಚಿಕೊಂಡರು. 8.2 ಮೀಟರ್ ಎಂಬುದು ಸಣ್ಣದಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಕು, ಮತ್ತು ಅದರಲ್ಲೇ ಒಂದು ಪಾಠವೂ ಇದೆ: ಅಂತರದಿಂದ ಸೂಕ್ಷ್ಮತೆ ಸಿಕ್ಕರೂ, ಮಂಕಾದ ನಕ್ಷತ್ರವನ್ನು ಹಿಡಿಯಲು ಕೊನೆಗೆ ಬೇಕಾದದ್ದು ಕನ್ನಡಿಯ ವಿಸ್ತೀರ್ಣ.

ಇನ್ನೊಂದು ಮಿತಿಯ ಮಾತು ಸುದ್ದಿಗಳಲ್ಲಿ ಬರುವುದೇ ಇಲ್ಲ. ದೂರ ದೂರ ನಿಂತ ದೂರದರ್ಶಕಗಳು ಸೂಕ್ಷ್ಮ ರಚನೆಗಳನ್ನು ಮಾತ್ರ ನೋಡುತ್ತವೆ. ಹರವಾಗಿ ಹಬ್ಬಿದ ನೀಹಾರಿಕೆಯ ಮಂದ ಬೆಳಕು ಅವುಗಳ ಪಟ್ಟೆಗಳಲ್ಲಿ ಅಳಿಸಿಹೋಗುತ್ತದೆ. ರೇಡಿಯೊ ವ್ಯೂಹಗಳಲ್ಲಿ ಹತ್ತಿರ ಹತ್ತಿರದ ಡಿಶ್‌ಗಳನ್ನೂ ಇಡುವುದು, ಚಿಲಿಯ ಆಲ್ಮಾದಲ್ಲಿ 12 ಮೀಟರಿನ 54 ಡಿಶ್‌ಗಳ ಜತೆಗೆ 7 ಮೀಟರಿನ 12 ಚಿಕ್ಕ ಡಿಶ್‌ಗಳನ್ನು ಒತ್ತಾಗಿ ನಿಲ್ಲಿಸಿರುವುದು, ಕಳೆದುಹೋಗುವ ಆ ಬೆಳಕನ್ನು ಮರಳಿ ಪಡೆಯಲೆಂದೇ.

ಹಾಗೆಂದು ಸೂಕ್ಷ್ಮತೆಯನ್ನು ಬಿಟ್ಟುಕೊಟ್ಟು ಬೆಳಕನ್ನಷ್ಟೇ ಕೂಡಿಸುವುದು ಕೀಳಾದ ಕೆಲಸವೇನಲ್ಲ. ಪೀಟರ್ ವಾನ್ ಡೊಕ್ಕಮ್ ಮತ್ತು ರಾಬರ್ಟೊ ಅಬ್ರಹಾಂ ರೂಪಿಸಿದ ಡ್ರ್ಯಾಗನ್‌ಫ್ಲೈ ದೂರದರ್ಶಕ, ಛಾಯಾಗ್ರಾಹಕರು ಬಳಸುವ 400 ಮಿಲಿಮೀಟರ್ ಟೆಲಿಫೋಟೊ ಮಸೂರಗಳ ಗುಚ್ಛ. ಅಂಥ 48 ಮಸೂರಗಳು ಸೇರಿದಾಗ ಸಿಗುವ ಬೆಳಕು ಒಂದು ಮೀಟರ್ ಅಗಲದ ಒಂದೇ ಮಸೂರಕ್ಕೆ ಸಮ. ಚಿತ್ರದ ವಿವರ ಮಾತ್ರ ಸಾಧಾರಣವೇ. ಆದರೆ ಆ ಮಸೂರಗಳ ಲೇಪನ ಒಳಗಿನ ಬೆಳಕಿನ ಚದುರುವಿಕೆಯನ್ನು ಬಹಳ ಕಡಿಮೆ ಮಾಡುವುದರಿಂದ, ದೊಡ್ಡ ಕನ್ನಡಿಗಳ ಚಿತ್ರಗಳಲ್ಲಿ ಹುದುಗಿಹೋಗುವ ಅತಿ ಮಂದವಾದ, ಹರಡಿಕೊಂಡ ಗೆಲಾಕ್ಸಿಗಳು ಅದಕ್ಕೆ ಸಿಕ್ಕವು. ಯಾವ ಬಗೆಯ ಕೂಡಿಕೆ ಎಂಬುದನ್ನು ಪ್ರಶ್ನೆಗೆ ತಕ್ಕಂತೆ ಆರಿಸಿಕೊಂಡದ್ದೇ ಆ ಯೋಜನೆಯ ಜಾಣತನ.

ಮುಂದಿನ ದಾರಿಗಳಲ್ಲಿ ಕೆಲವು ಹಳೆಯವೇ. ಹ್ಯಾನ್‌ಬರಿ ಬ್ರೌನ್ ಮತ್ತು ಟ್ವಿಸ್ ಆಸ್ಟ್ರೇಲಿಯಾದ ನರಬ್ರೈನಲ್ಲಿ ಅಲೆಗಳನ್ನು ಸೇರಿಸುವ ಬದಲು ಎರಡು ಕನ್ನಡಿಗಳಲ್ಲಿ ಬೆಳಕಿನ ತೀವ್ರತೆಯ ಮಿಣುಕಾಟ ಎಷ್ಟರ ಮಟ್ಟಿಗೆ ತಾಳೆಯಾಗುತ್ತದೆ ಎಂದು ಅಳೆದು 32 ನಕ್ಷತ್ರಗಳ ಅಗಲ ಕಂಡುಹಿಡಿದರು. ಅಲ್ಲಿ ವಾತಾವರಣದ ಕಾಟವಿಲ್ಲ, ಸುರಂಗವೂ ಬೇಡ, ಆದರೆ ಉಜ್ವಲ ನಕ್ಷತ್ರಗಳಿಗಷ್ಟೇ ಅದು ಒದಗುತ್ತದೆ. ವೇಗದ ಬೆಳಕಿನ ಸಂವೇದಕಗಳು ಬಂದ ಮೇಲೆ ಅರಿಜೋನದ ವೆರಿಟಾಸ್ ಗಾಮಾ ಕಿರಣ ದೂರದರ್ಶಕಗಳು ಅದಕ್ಕೆ ಮರುಜೀವ ಕೊಟ್ಟಿವೆ. ಬಾಹ್ಯಾಕಾಶದಲ್ಲಿ ಪ್ರತ್ಯೇಕ ನೌಕೆಗಳ ನಡುವೆ ಬೆಳಕನ್ನು ಕೂಡಿಸುವ ಕನಸು ಇನ್ನೂ ದೂರ. ಶ್ರೀಹರಿಕೋಟದಿಂದ 2024ರ ಡಿಸೆಂಬರಿನಲ್ಲಿ ಪಿಎಸ್‌ಎಲ್‌ವಿ ಹೊತ್ತೊಯ್ದ ಯುರೋಪಿನ ಪ್ರೋಬಾ-3ರ ಎರಡು ನೌಕೆಗಳು ಸುಮಾರು 150 ಮೀಟರ್ ಅಂತರವನ್ನು ಮಿಲಿಮೀಟರ್ ನಿಖರತೆಯಲ್ಲಿ ಕಾಯ್ದುಕೊಂಡವು. ನಕ್ಷತ್ರಗಳ ಪಟ್ಟೆ ಹಿಡಿಯಲು ಬೇಕಾದದ್ದು ಅದಕ್ಕಿಂತ ಸಾವಿರಾರು ಪಟ್ಟು ಸೂಕ್ಷ್ಮವಾದ ನಿಯಂತ್ರಣ. ದೂರದರ್ಶಕಗಳ ನಡುವೆ ಬೆಳಕನ್ನು ಸಾಗಿಸುವ ಬದಲು ಕ್ವಾಂಟಂ ಸಂಪರ್ಕಜಾಲದ ಮೂಲಕ ಅದರ ಸ್ಥಿತಿಯನ್ನು ಹೋಲಿಸಬಹುದೆಂಬ ಪ್ರಸ್ತಾವ 2012ರಿಂದ ಚರ್ಚೆಯಲ್ಲಿದೆ.

ಆದರೆ ಸ್ವಂತದ ಸಣ್ಣ ದೂರದರ್ಶಕವಿರುವವರು ಇಂದೇ ಸೇರಿಕೊಳ್ಳಬಹುದಾದ ಕೂಡಿಕೆಯೊಂದಿದೆ, ಅದಕ್ಕೆ ಸುರಂಗವೂ ಬೇಡ, ಮೇಸರ್ ಗಡಿಯಾರವೂ ಬೇಡ. ಕ್ಷುದ್ರಗ್ರಹವೊಂದು ದೂರದ ನಕ್ಷತ್ರವನ್ನು ಮರೆಮಾಡಿದಾಗ ಅದರ ನೆರಳು ಭೂಮಿಯ ಮೇಲೆ ಹಾದುಹೋಗುತ್ತದೆ. ಆ ದಾರಿಗೆ ಅಡ್ಡಲಾಗಿ ಹಲವರು ಸಾಲಾಗಿ ನಿಂತು ನಕ್ಷತ್ರ ಮರೆಯಾದ, ಮರಳಿ ಕಾಣಿಸಿದ ಕ್ಷಣಗಳನ್ನು ದಾಖಲಿಸಿದರೆ, ಪ್ರತಿಯೊಬ್ಬರ ದಾಖಲೆಯೂ ಆ ಕಾಯದ ಆಕಾರದಲ್ಲಿ ಒಂದೊಂದು ಗೆರೆಯಾಗುತ್ತದೆ. 2017ರ ಜುಲೈ 17ರಂದು ಅರ್ಜೆಂಟೀನಾದ ಕೊಮೊದೊರೊ ರಿವಾದಾವಿಯಾ ಸುತ್ತಮುತ್ತ ನಾಸಾದ ನ್ಯೂ ಹೊರೈಜನ್ಸ್ ನೌಕೆಯ ತಂಡ ಹೀಗೆ 24 ಸಂಚಾರಿ ದೂರದರ್ಶಕಗಳನ್ನು ಹರಡಿ ನಿಲ್ಲಿಸಿತ್ತು. ಗಾಳಿ ಜೋರಾಗಿದ್ದುದರಿಂದ ಸ್ಥಳೀಯ ಲಾರಿ ಚಾಲಕರು ತಮ್ಮ ಲಾರಿಗಳನ್ನು ಅಡ್ಡಲಾಗಿ ನಿಲ್ಲಿಸಿ ಮರೆಯೊದಗಿಸಿದರು, ಬೀದಿ ದೀಪಗಳನ್ನು ಆರಿಸಲಾಯಿತು, ಹೆದ್ದಾರಿಯನ್ನು ಎರಡು ಗಂಟೆ ಮುಚ್ಚಲಾಯಿತು. ಐದು ದೂರದರ್ಶಕಗಳಲ್ಲಿ ನಕ್ಷತ್ರ ಕ್ಷಣಕಾಲ ಮರೆಯಾಯಿತು. ಸುಮಾರು 650 ಕೋಟಿ ಕಿಲೋಮೀಟರ್ ದೂರದ, ಕೇವಲ 35 ಕಿಲೋಮೀಟರಿನಷ್ಟು ಉದ್ದದ ಆರೊಕೊತ್ ಎಂಬ ಕಾಯ ಎರಡು ಉಂಡೆಗಳು ಅಂಟಿಕೊಂಡಂತಿರಬಹುದೆಂದು ಆ ಐದು ಗೆರೆಗಳಿಂದ ಗೊತ್ತಾಯಿತು. 2019ರ ಜನವರಿ 1ರಂದು ನೌಕೆ ಹತ್ತಿರದಿಂದ ತೆಗೆದ ಚಿತ್ರಗಳು ಅದನ್ನೇ ತೋರಿಸಿದವು. ಭೂಮಿಯಿಂದ ನೋಡಿದರೆ ಆ ಕಾಯದ ಒಟ್ಟು ಅಗಲವೇ ಒಂದು ಕೋನ ಸೆಕೆಂಡಿನ ಸಾವಿರದಲ್ಲೊಂದು ಪಾಲು, ಹಬಲ್‌ಗೆ ಅದು ಬರೀ ಚುಕ್ಕೆ. ಗಾಯಾ ಉಪಗ್ರಹ ನಕ್ಷತ್ರಗಳ ಸ್ಥಾನಗಳನ್ನು ಅತಿ ನಿಖರವಾಗಿ ಅಳೆದುಕೊಟ್ಟ ಮೇಲೆ ಇಂಥ ನೆರಳುಗಳು ಎಲ್ಲಿ, ಯಾವಾಗ ಬೀಳುತ್ತವೆಂದು ಮೊದಲೇ ಹೇಳುವುದು ಬಹಳ ಸುಧಾರಿಸಿದೆ. ಅದರಲ್ಲಿ ಪಾಲ್ಗೊಳ್ಳಲು ಬೇಕಾದದ್ದು ಸಾಧಾರಣ ದೂರದರ್ಶಕ, ವೇಗದ ಕ್ಯಾಮೆರಾ, ಜಿಪಿಎಸ್‌ನಿಂದ ಸರಿಹೊಂದಿಸಿದ ಸಮಯ, ಮತ್ತು ತನ್ನ ನೆರೆಯ ವೀಕ್ಷಕರಿಂದ ಕೆಲವು ಕಿಲೋಮೀಟರ್ ದೂರ ಹೋಗಿ ನಿಲ್ಲುವ ಸಿದ್ಧತೆ.